ಹಾಡುತ್ತಾ ಹಾಡುತ್ತಾ ರಾಗ: ಅಜ್ಜಿಯ ಬಾಳಿನಲ್ಲಿ ಒಂದು ಗಾದೆ

‘ಹಾಡುತ್ತಾ ಹಾಡುತ್ತಾ ರಾಗ, ನರಳುತ್ತಾ ನರಳುತ್ತಾ ರೋಗ.’ ಕನ್ನಡಿಗರಿಗೆಲ್ಲ ಬಾಯಿಪಾಠವಾಗಿರುವ ಗಾದೆ ಇದು. ಪರೀಕ್ಷೆಯಲ್ಲಿ ಗಾದೆ ವಿಸ್ತರಿಸಿ ಬರೆಯಿರಿ ಎಂದಾಗ ಮಕ್ಕಳು ‘ಅಭ್ಯಾಸವೇ ಎಲ್ಲಕ್ಕೂ ಮೂಲ’ ಎಂದು ಆರಂಭಿಸಿ, ಒಳ್ಳೆಯ ರೂಢಿಯಿಂದ ಒಳ್ಳೆಯದು, ಕೆಟ್ಟ ರೂಢಿಯಿಂದ ಕೆಟ್ಟದ್ದು ಎಂದು ಮುಗಿಸುತ್ತಾರೆ. ಅರ್ಥ ಸರಿಯೇ. ಆದರೆ ಅಷ್ಟಕ್ಕೇ ಬಿಟ್ಟರೆ ಗಾದೆಯ ಹೊರಮೈಯನ್ನಷ್ಟೇ ಮುಟ್ಟಿದಂತೆ. ಹಾಡು, ನರಳಾಟ ಎರಡೂ ಹೊರಡುವುದು ಒಂದೇ ಗಂಟಲಿನಿಂದ, ಒಂದೇ ಉಸಿರಿನಲ್ಲಿ. ಆ ಉಸಿರನ್ನು ಯಾವ ಕಡೆಗೆ ತಿರುಗಿಸುವುದು ಎಂಬ ಪ್ರಶ್ನೆ ಪ್ರತಿ ಬೆಳಗೂ ಹೊಸದಾಗಿ ಎದುರಾಗುತ್ತದೆ. ಈ ಗಾದೆಯ ಪೂರ್ತಿ ವ್ಯಾಖ್ಯಾನ ನನಗೆ ಸಿಕ್ಕಿದ್ದು ನಮ್ಮಜ್ಜಿಯ ಬಾಳಿನಲ್ಲಿ. ಅವರಿಗೆ ದೇವರೆಂದರೂ ಹಾಡೆಂದರೂ ಒಂದೇ. ಅವರನ್ನು ನೆನೆಯುತ್ತಲೇ ಈ ಗಾದೆಯನ್ನು ಬಿಡಿಸಿ ನೋಡಬೇಕೆನಿಸಿದೆ.

ಅಜ್ಜಿಯ ಲೋಕವೆಲ್ಲ ಕೋಲಾರ ಸೀಮೆಯ ನಾಲ್ಕು ತಾಲ್ಲೂಕುಗಳ ಒಳಗೇ ಇತ್ತು. ಹುಟ್ಟಿದ್ದು ಶ್ರೀನಿವಾಸಪುರದ ಕಡೆಯ ಹಳ್ಳಿಯಲ್ಲಿ, ಸುತ್ತ ಮಾವಿನ ತೋಪು. ದಿವಾನ್ ಪೂರ್ಣಯ್ಯನವರು ತಮ್ಮ ಮಗನ ಹೆಸರಿಡುವ ಮೊದಲು ಶ್ರೀನಿವಾಸಪುರಕ್ಕೆ ಪಾಪನಪಲ್ಲಿ ಎಂಬ ಹೆಸರಿತ್ತು ಎಂದು ಹೇಳಿಕೊಟ್ಟವರೂ ಅವರೇ. ಮದುವೆಯಾಗಿ ಬಂದದ್ದು ಮುಳಬಾಗಿಲಿಗೆ. ಮಗನ ಸಂಸಾರ ಹೆಂಚಿನ ಕಾರ್ಖಾನೆಗಳ ಮಾಲೂರಿನಲ್ಲಿ, ಮಗಳ ಮನೆ ಕೋಲಾರದಲ್ಲಿ. ಶ್ರಾವಣ ಬಂತೆಂದರೆ ಮಗನ ಮನೆಯಿಂದ ಚಿಕ್ಕ ತಿರುಪತಿಗೆ ಶನಿವಾರದ ದರ್ಶನ. ಮಗಳ ಮನೆಗೆ ಹೋದರೆ ಕೋಲಾರಮ್ಮನಿಗೊಂದು ನಮಸ್ಕಾರ, ಸೋಮೇಶ್ವರನಿಗೊಂದು ಪ್ರದಕ್ಷಿಣೆ. ಮನೆಯಲ್ಲಿ ಯಾವ ಹೊಸ ಕೆಲಸ ಹಿಡಿದರೂ ಮೊದಲು ಕುರುಡುಮಲೆ ಗಣಪತಿಗೆ ಕೈಮುಗಿದು ಬರಬೇಕು ಎಂಬುದು ಅವರ ಕಟ್ಟಾಜ್ಞೆ.

ಈ ಸೀಮೆಯಲ್ಲಿ ಮನೆಯೊಳಗೆ ಕನ್ನಡ, ಬೀದಿಗಿಳಿದರೆ ತೆಲುಗು, ಸಂತೆಯಲ್ಲಿ ಅಷ್ಟಿಷ್ಟು ತಮಿಳು. ಅಜ್ಜಿಯ ಹಾಡುಗಳೂ ಹಾಗೆಯೇ ಬೆರೆತಿದ್ದವು. ದಾಸರ ಪದಗಳ ಮಗ್ಗುಲಲ್ಲೇ ತ್ಯಾಗರಾಜರ ಕೃತಿ, ಅದರ ಹಿಂದೆಯೇ ಕೈವಾರ ತಾತಯ್ಯನವರ ತತ್ವಪದ. ಬಳೆ ಮಾರುತ್ತಿದ್ದ ತಾತಯ್ಯ ತೆಲುಗು ಕನ್ನಡ ಎರಡರಲ್ಲೂ ಹಾಡು ಕಟ್ಟಿ ಯೋಗಿ ನಾರೇಯಣ ಎನಿಸಿಕೊಂಡವರು. ಕೈವಾರ ಈಗ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದ್ದರೂ 2007ರವರೆಗೆ ಕೋಲಾರ ಜಿಲ್ಲೆಯದೇ. ಊರೂರಿನ ಭಜನೆಯವರು ತಂಬೂರಿ ತಾಳ ಹಿಡಿದು ತಾತಯ್ಯನವರ ಪದ ಹಾಡುತ್ತಾ ಬೀದಿಯಲ್ಲಿ ಬಂದರೆ ಮಡಿಯಲ್ಲಿದ್ದ ಅಜ್ಜಿ ಬಾಗಿಲ ಒಳಗೇ ನಿಂತು ದನಿಗೂಡಿಸುತ್ತಿದ್ದರು. ಮಡಿಗೆ ಹೊಸ್ತಿಲಿತ್ತು, ಹಾಡಿಗೆ ಇರಲಿಲ್ಲ.

ಗಾದೆಯ ಮೊದಲ ಅರ್ಧಕ್ಕೆ ಬರೋಣ. ಹಾಡುತ್ತಾ ಹಾಡುತ್ತಾ ರಾಗ. ಇಲ್ಲಿ ಗಮನಿಸಬೇಕಾದದ್ದು ಕ್ರಮ. ಹಾಡು ಮೊದಲು, ರಾಗ ಆಮೇಲೆ. ಸಂಗೀತ ಶಾಲೆಯಲ್ಲಿ ರಾಗದ ಹೆಸರು, ಆರೋಹಣ, ಅವರೋಹಣ ತಿಳಿದ ಮೇಲೆ ಕೃತಿ. ಮನೆಯ ಹೆಂಗಸರ ಸಂಗೀತದಲ್ಲಿ ಅದು ತಿರುಗುಮುರುಗು. ಅಮ್ಮ ಹಾಡಿದ್ದನ್ನು ಮಗಳು ಹಾಡುತ್ತಾಳೆ, ಅತ್ತೆ ಹೇಳಿದ್ದನ್ನು ಸೊಸೆ ಹೇಳುತ್ತಾಳೆ. ರಾಗ ಯಾವುದೆಂದು ಕೇಳಿದರೆ ಉತ್ತರವಿಲ್ಲ. ಆದರೆ ಮಂಗಳ ಹಾಡುವಾಗ ದನಿ ತಾನಾಗಿ ಮಧ್ಯಮಾವತಿಯಲ್ಲಿ ನಿಂತಿರುತ್ತದೆ, ತೊಟ್ಟಿಲು ತೂಗುವ ಹಾಡು ನೀಲಾಂಬರಿಗೆ ಇಳಿದಿರುತ್ತದೆ.

ಅಜ್ಜಿಯ ಹಾಡಿನ ಪುಸ್ತಕ ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಅಂಗಡಿಯವರು ಲೆಕ್ಕ ಬರೆಯುವ ಉದ್ದನೆಯ ಪುಸ್ತಕ ಅದು. ಮೂಲೆಗಳು ಅರಿಸಿನ ಕುಂಕುಮದ ಬೆರಳು ತಾಗಿ ತಾಗಿ ಬಣ್ಣ ತಿರುಗಿವೆ. ತೆಲುಗು ಕೃತಿಗಳೂ ಕನ್ನಡ ಅಕ್ಷರದಲ್ಲೇ ಇವೆ, ಏಕೆಂದರೆ ಅಜ್ಜಿಗೆ ತೆಲುಗು ಮಾತಾಡಲು ಬರುತ್ತಿತ್ತೇ ವಿನಾ ಬರೆಯಲು ಬರುತ್ತಿರಲಿಲ್ಲ. ಅಚ್ಚಿನ ಪುಸ್ತಕದಲ್ಲಿ ರಾಗ ತಾಳ ಹಾಕುವ ಜಾಗದಲ್ಲಿ ಅಜ್ಜಿ ಬರೆದುಕೊಂಡದ್ದೇ ಬೇರೆ: ‘ದೊಡ್ಡತ್ತೆ ಧಾಟಿ’, ‘ಅಕ್ಕಯ್ಯ ಹೇಳ್ತಿದ್ದ ಹಾಗೆ’, ‘ಬೀಸೋ ಕಲ್ಲಿನ ಹಾಡಿನ ಮಟ್ಟು’. ಒಂದೊಂದು ಹಾಡಿನ ಮೇಲೂ ಅದನ್ನು ಕಲಿಸಿದವರ ಗುರುತು. ಹಾಗಾಗಿ ಹಾಡಲು ಕುಳಿತರೆ ಪ್ರತಿ ಬೆಳಗೂ ಆ ಹಿರಿಯರೆಲ್ಲರ ಸ್ಮರಣೆಯಾಗುತ್ತಿತ್ತು.

ಇದು ಒಂದು ಮನೆಯ ಮಾತಷ್ಟೇ ಅಲ್ಲ. ದಾಸರ ಪದಗಳಿಗೆ ಅವರೇ ಕಟ್ಟಿದ ಮೂಲ ಧಾಟಿಗಳು ಬಹುಪಾಲು ನಮಗೆ ಉಳಿದಿಲ್ಲ. ಇವತ್ತು ಕಚೇರಿಯಲ್ಲಿ ಕೇಳುವ ಅನೇಕ ರಾಗಗಳು ಆಮೇಲಿನ ವಿದ್ವಾಂಸರು ಕೂಡಿಸಿದವು. ಆದರೂ ಹಾಡುಗಳು ಜನರ ಬಾಯಲ್ಲಿ ಉಳಿದವು. ಸ್ವರಲಿಪಿ ಇಲ್ಲದ ಕಾಲದಲ್ಲಿ ಅವನ್ನು ಉಳಿಸಿಕೊಟ್ಟವರಲ್ಲಿ ಓಲೆಗರಿ ಬರೆದವರಿದ್ದಾರೆ, ಭಜನೆಯವರಿದ್ದಾರೆ, ಅಡುಗೆಮನೆಯಲ್ಲಿ ರಾಗಿ ಬೀಸುತ್ತಾ ಹಾಡಿದ ಹೆಂಗಸರೂ ಇದ್ದಾರೆ. ಮೊದಲ ಇಬ್ಬರ ಹೆಸರು ಅಲ್ಲಲ್ಲಿ ಸಿಗುತ್ತದೆ, ಮೂರನೆಯವರ ಹೆಸರು ಸಿಗುವುದೇ ಇಲ್ಲ.

ಹಾಡುತ್ತಾ ಹಾಡುತ್ತಾ ಎಂಬ ಮಾತು ಎಷ್ಟು ದೂರದವರೆಗೆ ಹೋಗಬಲ್ಲದು ಎಂಬುದಕ್ಕೆ ಸಾಕ್ಷಿ ಅಜ್ಜಿಯ ಊರಲ್ಲೇ ಇತ್ತು. ಮುಳಬಾಗಿಲಿನ ನರಸಿಂಹತೀರ್ಥದಲ್ಲಿ ಶ್ರೀಪಾದರಾಜರ ಬೃಂದಾವನವಿದೆ. 15ನೆಯ ಶತಮಾನದ ಈ ಯತಿಗಳು ಚನ್ನಪಟ್ಟಣದ ಬಳಿಯ ಅಬ್ಬೂರಿನವರು, ಬಡಕುಟುಂಬದ ಮಗು, ದನ ಕಾಯುತ್ತಿದ್ದ ಹುಡುಗ ಎಂದು ಸಂಪ್ರದಾಯ ಹೇಳುತ್ತದೆ. ಜಯತೀರ್ಥರ ನ್ಯಾಯಸುಧೆಗೆ ‘ವಾಗ್ವಜ್ರ’ ಎಂಬ ಸಂಸ್ಕೃತ ಟೀಕೆ ಬರೆಯುವಷ್ಟು ದೊಡ್ಡ ಪಂಡಿತರು. ವ್ಯಾಸರಾಯರಿಗೆ ಪಾಠ ಹೇಳಿದವರು. ಅಂಥವರು ರಂಗವಿಠಲ ಎಂಬ ಅಂಕಿತದಲ್ಲಿ ಕನ್ನಡದ ಹಾಡು, ಸುಳಾದಿ, ಉಗಾಭೋಗ ರಚಿಸಿದರು. ಭಾಗವತದ ಗೋಪಿಯರ ಕಥೆಯನ್ನು ಭ್ರಮರಗೀತೆ, ವೇಣುಗೀತೆ, ಗೋಪೀಗೀತೆಗಳಾಗಿ ತಂದರು. ದೇವರ ಪೂಜೆಯ ಹೊತ್ತಿಗೆ ಕನ್ನಡದ ಪದ ಹಾಡಿಸುವ ಪದ್ಧತಿಯನ್ನು ಬೆಳೆಸಿದ ಕೀರ್ತಿಯನ್ನು ಪರಂಪರೆ ಅವರಿಗೆ ಕೊಡುತ್ತದೆ. ಆಮೇಲೆ ವ್ಯಾಸರಾಯರು, ಪುರಂದರದಾಸರು, ಕನಕದಾಸರು ಬಂದು ದಾಸಸಾಹಿತ್ಯ ಹೊಳೆಯಾಗಿ ಹರಿದದ್ದು ಎಲ್ಲರಿಗೂ ತಿಳಿದ ಕಥೆ.

ಅಜ್ಜಿ ಓದಿದ್ದು ಹಳ್ಳಿಯ ಶಾಲೆಯ ಕೆಲವು ತರಗತಿ ಮಾತ್ರ. ವಾಗ್ವಜ್ರದ ಒಂದು ಸಾಲೂ ಅವರಿಗೆ ಗೊತ್ತಿರಲಿಲ್ಲ. ಆದರೆ ಅದೇ ಶ್ರೀಪಾದರಾಜರ ‘ಮಧ್ವನಾಮ’ ಅವರಿಗೆ ಕರತಲಾಮಲಕ. ವಾಯುದೇವರ ಹನುಮ, ಭೀಮ, ಮಧ್ವ ಎಂಬ ಮೂರು ಅವತಾರಗಳನ್ನು ಕೊಂಡಾಡುವ ಈ ದೀರ್ಘ ಸ್ತುತಿ ಮಾಧ್ವರ ಮನೆಗಳಲ್ಲಿ ಬೆಳಗಿನ ಜಾವದ ಪಾಠ. ಅಂಗಳಕ್ಕೆ ಸಾರಣೆ, ರಂಗೋಲಿ, ತುಳಸಿಗೆ ನೀರು, ಒಲೆಯ ಮುಂದೆ ಮೊದಲ ಕೆಲಸ, ಇಷ್ಟೂ ಮುಗಿಯುವ ಹೊತ್ತಿಗೆ ಮಧ್ವನಾಮವೂ ಮುಗಿಯುತ್ತಿತ್ತು. ಅಜ್ಜಿ ಗಡಿಯಾರ ನೋಡುತ್ತಿರಲಿಲ್ಲ. ಭೀಮನ ಕಥೆಗೆ ಬರುವಷ್ಟರಲ್ಲಿ ಹಾಲು ಉಕ್ಕಬೇಕು ಎಂಬುದೇ ಅವರ ಲೆಕ್ಕ.

ಈ ಕೃತಿಗೇ ಒಂದು ವಿಶೇಷವಿದೆ. ಶ್ರೀಪಾದರಾಜರು ಹಾಡಿ ಹೋದ ಮೇಲೆ, ಅದರ ಕೊನೆಗೆ ಫಲಶ್ರುತಿಯನ್ನು ಸೇರಿಸಿದವರು 18ನೆಯ ಶತಮಾನದ ಜಗನ್ನಾಥದಾಸರು. ಮಧ್ಯೆ ಸುಮಾರು 300 ವರ್ಷಗಳ ಅಂತರ. ಮುಳಬಾಗಿಲಿನ ಯತಿಗಳ ಹಾಡನ್ನು ದೂರದ ರಾಯಚೂರು ಸೀಮೆಯ ದಾಸರು ಪೂರ್ತಿಗೊಳಿಸಿದರು. ಅಷ್ಟು ಕಾಲ ಅದು ಬಾಯಿಂದ ಬಾಯಿಗೆ ಹಾಡಿಕೊಂಡು ಬಂದದ್ದರಿಂದಲೇ ಇದು ಸಾಧ್ಯವಾಯಿತು. ಹಾಡುತ್ತಾ ಹಾಡುತ್ತಾ ರಾಗ ಎನ್ನುವಾಗ ಹಾಡುವವನು ಒಬ್ಬನೇ ಎಂದು ನಾವು ಭಾವಿಸುತ್ತೇವೆ. ಆದರೆ ರಾಗ ಕುದುರುವುದಕ್ಕೆ ಒಂದು ಜನ್ಮ ಸಾಲದೆಯೂ ಇರಬಹುದು. ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಹಾಡುತ್ತಾರೆ, ಮತ್ತೊಬ್ಬರು ಮುಗಿಸುತ್ತಾರೆ. ಜ್ಯೇಷ್ಠ ಶುದ್ಧ ಚತುರ್ದಶಿಯಂದು ಶ್ರೀಪಾದರಾಜರ ಆರಾಧನೆಗೆ ನರಸಿಂಹತೀರ್ಥದಲ್ಲಿ ಸೇರುವ ಹೆಂಗಸರ ಸಾಲಿನಲ್ಲಿ ಕುಳಿತಾಗ ಅಜ್ಜಿಯ ದನಿ ಯಾವುದು, ಪಕ್ಕದವರ ದನಿ ಯಾವುದು ಎಂದು ಬೇರ್ಪಡಿಸಲು ಆಗುತ್ತಿರಲಿಲ್ಲ. ಅವರಿಗೂ ಅದು ಬೇಕಿರಲಿಲ್ಲ.

ಮತ್ತೆ ಮತ್ತೆ ಹೇಳುವುದರ ಬೆಲೆಯನ್ನು ಕರ್ನಾಟಕ ಸಂಗೀತ ಚೆನ್ನಾಗಿ ಬಲ್ಲದು. ಮಾಯಾಮಾಳವಗೌಳದಲ್ಲಿ ಸರಳೆ ವರಸೆ, ಜಂಟಿ ವರಸೆ ಎಂದು ಪಾಠದ ಕ್ರಮ ಹಾಕಿಕೊಟ್ಟವರು ಪುರಂದರದಾಸರೇ ಎಂಬುದು ಪರಂಪರೆಯ ನಂಬಿಕೆ. ಅದಕ್ಕೇ ಅವರಿಗೆ ಕರ್ನಾಟಕ ಸಂಗೀತದ ಪಿತಾಮಹ ಎಂಬ ಗೌರವ. ಅಜ್ಜಿಗೆ ವರಸೆಗಳ ಪಾಠವಾಗಿರಲಿಲ್ಲ. ಆದರೆ ಅವರು ಹಾಡು ಕಲಿಸುತ್ತಿದ್ದ ರೀತಿಯಲ್ಲಿ ಅದೇ ತಾಳ್ಮೆ ಇತ್ತು. ಸಂಜೆ ದೀಪ ಹಚ್ಚಿದ ಮೇಲೆ ಕಂಬಕ್ಕೊರಗಿ ಕುಳಿತು ತೊಡೆಯ ಮೇಲೆ ತಾಳ ಹಾಕುತ್ತಾ ಒಂದು ಸಾಲು ಹೇಳುವರು. ನಾವು ಹೇಳಬೇಕು. ಅಪಸ್ವರ ಬಂದರೆ ‘ತಪ್ಪು’ ಎಂಬ ಮಾತು ಅವರ ಬಾಯಲ್ಲಿ ಬಂದದ್ದೇ ಇಲ್ಲ. ‘ಎಲ್ಲಿ, ಇನ್ನೊಂದ್ಸಲ ಹೇಳು ಮಗೂ, ನಾನೂ ಹೇಳ್ತೀನಿ’ ಎಂದು ಜೊತೆಗೆ ಹಾಡುವರು. ಅವರ ದನಿಯನ್ನು ಹಿಡಿದುಕೊಂಡು ನಮ್ಮ ದನಿ ತಾನಾಗಿ ಜಾಗಕ್ಕೆ ಬಂದು ನಿಲ್ಲುತ್ತಿತ್ತು. ನಮಗೆ ಬೇಸರವಾಗಿ ‘ಎಷ್ಟು ಸಲ ಅಜ್ಜಿ?’ ಎಂದರೆ, ‘ದೇವರಿಗೇ ಬೇಜಾರಾಗಿಲ್ವಲ್ಲೋ, ನಿನಗ್ಯಾಕೆ?’ ಎನ್ನುವರು.

ಅವರ ಭಕ್ತಿಯ ಗುಟ್ಟೂ ಆ ಮಾತಿನಲ್ಲೇ ಇದೆ. ಭಕ್ತಿ ಎಂದರೆ ಕಣ್ಣೀರು ತರುವ ದೊಡ್ಡ ಅನುಭವ ಎಂದು ಅವರು ಎಂದೂ ಹೇಳಿಕೊಂಡವರಲ್ಲ. ಮನಸ್ಸು ನಿಂತ ದಿನವೂ ಹಾಡುತ್ತಿದ್ದರು, ನಿಲ್ಲದ ದಿನವೂ ಹಾಡುತ್ತಿದ್ದರು. ಮನಸ್ಸು ಬಂದಾಗ ಮಾತ್ರ ಹಾಡುತ್ತೇನೆ ಎನ್ನುವವರಿಗೆ ರಾಗ ಒಲಿಯುವುದಿಲ್ಲ. ದೇವರ ವಿಷಯದಲ್ಲೂ ಹಾಗೆಯೇ. ದಿನವೂ ಹೇಳಿದ್ದೇ ಕೊನೆಗೆ ಬೇರೂರುವುದು.

ಇನ್ನು ಗಾದೆಯ ಎರಡನೆಯ ಅರ್ಧ. ನರಳುತ್ತಾ ನರಳುತ್ತಾ ರೋಗ. ಕೋಲಾರ ಸೀಮೆಗೆ ನರಳಲು ಕಾರಣಗಳಿಗೆ ಬರವಿಲ್ಲ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲ. ಹಿರಿಯರು ಕಟ್ಟಿಸಿದ ಕೆರೆಗಳೇ ಆಸರೆ. ಕೆರೆ ಬತ್ತಿದವು, ಬಾವಿ ಬತ್ತಿದವು, ಕೊಳವೆಬಾವಿಗಳು ಸಾವಿರ ಅಡಿ ದಾಟಿ ಹೋದವು. ಬಂದ ನೀರಿನಲ್ಲಿ ಫ್ಲೋರೈಡ್. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಿಂದ ಬೆಂಗಳೂರಿನ ಸಂಸ್ಕರಿಸಿದ ನೀರು ಕೆರೆಗಳಿಗೆ ಹರಿಯಲು ಶುರುವಾಗುವವರೆಗೆ ಎಷ್ಟೋ ಮಕ್ಕಳು ತುಂಬಿದ ಕೆರೆಯನ್ನೇ ಕಂಡಿರಲಿಲ್ಲ. ಅಜ್ಜಿಯ ಕಾಲದ ಹೆಂಗಸರ ಸೊಂಟ, ಭುಜ, ಮಂಡಿಗಳು ನೀರು ಹೊತ್ತು ಸವೆದವು. ಅಂಥ ನಾಡಿನಲ್ಲೂ ಮಳೆ ಹೋದಾಗ ಜನ ಮಾಡಿದ್ದೇನು? ದೇವಸ್ಥಾನದಲ್ಲಿ ಸೇರಿ ಕುಮಾರವ್ಯಾಸನ ವಿರಾಟಪರ್ವವನ್ನು ಗಮಕದಲ್ಲಿ ಓದಿಸಿದರು, ರಾತ್ರಿಯೆಲ್ಲ ಭಜನೆ ಮಾಡಿದರು. ಓದಿದ್ದರಿಂದ ಮಳೆ ಬಂತೋ ಇಲ್ಲವೋ, ಕಷ್ಟದ ಕಾಲದಲ್ಲಿ ಊರು ಒಡೆಯಲಿಲ್ಲ.

ಅಜ್ಜಿಗೆ ಸ್ವಂತ ಬಾಳಿನಲ್ಲೂ ಕಾರಣಗಳು ಕಡಿಮೆಯಿರಲಿಲ್ಲ. ಹೆತ್ತ ಮಕ್ಕಳಲ್ಲಿ ಒಂದನ್ನು ಎಳವೆಯಲ್ಲೇ ಕಳೆದುಕೊಂಡಿದ್ದರು. ತಾತ ಬೇಗ ಹೋದರು. ಅದಕ್ಕೆ ಮೊದಲು ಮುಳಬಾಗಿಲಿನ ಯಾವ ಮದುವೆಯಾದರೂ ಹಸೆಗೆ ಕರೆಯುವ ಹಾಡಿಗೆ, ಆರತಿ ಹಾಡಿಗೆ, ಉರುಟಣೆ ಹಾಡಿಗೆ ಅಜ್ಜಿಗೇ ಕರೆ. ಬೀಗರ ಹಾಡು ಹೇಳಿ ಚಪ್ಪರವನ್ನೆಲ್ಲ ನಗಿಸುತ್ತಿದ್ದವರೂ ಅವರೇ. ತಾತ ಹೋದ ಮರುದಿನದಿಂದ ಆ ಕರೆಗಳೆಲ್ಲ ನಿಂತುಹೋದವು. ಗಂಡನಿಲ್ಲದವಳ ಬಾಯಲ್ಲಿ ಶುಭದ ಹಾಡು ಬರಬಾರದು ಎಂಬುದು ಆ ಕಾಲದ ಕಟ್ಟಳೆ. ಅದು ಅನ್ಯಾಯ. ಹಾಡೇ ಉಸಿರಾದವರಿಂದ ಅರ್ಧ ಹಾಡನ್ನು ಕಿತ್ತುಕೊಳ್ಳುವ ಪದ್ಧತಿಗೆ ಯಾವ ಸಮರ್ಥನೆಯೂ ಇಲ್ಲ. ಇವತ್ತಿಗೂ ಅಲ್ಲಲ್ಲಿ ಉಳಿದಿರುವ ಅದು ಪೂರ್ತಿ ಹೋಗಬೇಕು.

ನರಳಾಟ ಬಾಳನ್ನೇ ನುಂಗಿಬಿಡಲು ಇಷ್ಟು ಸಾಕಿತ್ತು. ಅಜ್ಜಿ ಮಾಡಿದ್ದು ಬೇರೆ. ಹಸೆಯ ಹಾಡು ಮುಚ್ಚಿದ ಬಾಗಿಲಾದರೆ ದಾಸರ ಪದ ತೆರೆದ ಬಾಗಿಲು. ಅಲ್ಲಿ ಮುತ್ತೈದೆ, ವಿಧವೆ ಎಂಬ ಎಣಿಕೆಯಿಲ್ಲ. ತಾವು ಹೇಳಬಾರದೆಂದಾದ ಹಸೆಹಾಡುಗಳನ್ನೂ ಅವರು ಮರೆಯಲು ಬಿಡಲಿಲ್ಲ. ಬೀದಿಯ ಹುಡುಗಿಯರನ್ನು ಕೂಡಿಸಿಕೊಂಡು ಕಲಿಸಿದರು. ಮುಂದೆ ಊರಿನ ಮದುವೆಗಳಲ್ಲಿ ಅಜ್ಜಿ ಹಿಂದಿನ ಸಾಲಿನಲ್ಲಿ ಸುಮ್ಮನೆ ಕುಳಿತಿರುತ್ತಿದ್ದರು, ಮುಂದಿನ ಸಾಲಿನಲ್ಲಿ ಅವರ ಧಾಟಿಯೇ ಕೇಳುತ್ತಿತ್ತು.

ಇಲ್ಲಿ ಎಚ್ಚರದ ಮಾತೊಂದನ್ನು ಹೇಳಲೇಬೇಕು. ಈ ಗಾದೆಯನ್ನು ನೋವಿನಲ್ಲಿರುವವರ ಬಾಯಿ ಮುಚ್ಚಿಸಲು ಬಳಸುವವರಿದ್ದಾರೆ. ‘ನರಳಿದರೆ ರೋಗ ಜಾಸ್ತಿಯಾಗುತ್ತೆ, ಸುಮ್ಮನಿರು’ ಎಂದು ಹೆಂಗಸರ ನೋವನ್ನು ಎಷ್ಟೋ ಮನೆಗಳಲ್ಲಿ ವರ್ಷಗಟ್ಟಲೆ ತಳ್ಳಿಹಾಕಿದ್ದಾರೆ. ಗಾದೆಯ ಆಶಯ ಅದಾಗಲಾರದು. ಮಂಡಿ ನೋವು ಹೆಚ್ಚಿದಾಗ ಅಜ್ಜಿ ‘ಕಾಲು ಆಗ್ತಿಲ್ಲ, ಡಾಕ್ಟರ ಹತ್ತಿರ ಕರ್ಕೊಂಡು ಹೋಗಿ’ ಎಂದು ಬಾಯಿಬಿಟ್ಟು ಹೇಳಿದರು. ಕೋಲಾರದಲ್ಲಿ ತೋರಿಸಿದೆವು, ಮಾತ್ರೆ ನುಂಗಿದರು. ದೇವರ ಹಾಡು ಮಂಡಿಯನ್ನು ವಾಸಿಮಾಡುತ್ತದೆ ಎಂದು ಅವರೂ ನಂಬಿರಲಿಲ್ಲ. ನೋವನ್ನು ಹೇಳಿಕೊಳ್ಳುವುದು ಬೇರೆ, ನೋವಿನೊಳಗೇ ಮನೆ ಮಾಡಿಕೊಳ್ಳುವುದು ಬೇರೆ. ಗಾದೆ ಎಚ್ಚರಿಸುವುದು ಎರಡನೆಯದನ್ನು ಕುರಿತು.

ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ ಗಾದೆಯ ಎರಡು ಅರ್ಧಗಳೂ ಕೂಡಿಕೊಳ್ಳುವ ಜಾಗ ಸಿಗುತ್ತದೆ. ದಾಸರ ಪದಗಳಲ್ಲಿ ಎಷ್ಟೊಂದು ದುಃಖವಿದೆ! ಸಂಸಾರದ ಬೇಗೆ, ಮುಪ್ಪಿನ ಭಯ, ಕೈಬಿಟ್ಟ ಬಂಧುಗಳು, ಕರೆದರೂ ಬಾರದ ದೇವರ ಮೇಲಿನ ಸಿಟ್ಟು. ನಿಂದಾಸ್ತುತಿ ಎಂದು ಅದಕ್ಕೊಂದು ದಾರಿಯನ್ನೇ ಮಾಡಿದ್ದಾರೆ. ಹಾಡು ನರಳಾಟವನ್ನು ಹೊರಗೆ ಹಾಕಿಲ್ಲ, ಒಳಕ್ಕೆ ಕರೆದು ಶ್ರುತಿ ಸೇರಿಸಿದೆ. ಶ್ರುತಿ ತಾಳವಿಲ್ಲದ ನೋವು ಒಬ್ಬಳ ಎದೆಯಲ್ಲೇ ಸುತ್ತುತ್ತದೆ. ಅದಕ್ಕೆ ಧಾಟಿ ಸಿಕ್ಕರೆ ಪಕ್ಕದವಳೂ ದನಿಗೂಡಿಸಬಲ್ಲಳು. ಅಜ್ಜಿ ಕಳೆದುಕೊಂಡ ಮಗುವಿನ ಬಗ್ಗೆ ಮಾತಾಡಿದ್ದನ್ನು ನಾನು ಕೇಳಿಲ್ಲ. ಆದರೆ ಯಶೋದೆ ಕೃಷ್ಣನನ್ನು ಹುಡುಕುವ ಹಾಡು ಬಂದಾಗ ಆ ಒಂದು ಸಾಲನ್ನು ಅವರು ಎರಡು ಮೂರು ಸಲ ಹೇಳುತ್ತಿದ್ದರು. ಮನೆಯವರು ಯಾರೂ ಏಕೆಂದು ಕೇಳುತ್ತಿರಲಿಲ್ಲ, ಎಲ್ಲರೂ ಜೊತೆಗೆ ಹೇಳುತ್ತಿದ್ದೆವು.

ಈ ಮಣ್ಣಿನವರೇ ಆದ ಇಬ್ಬರು ಹಿರಿಯರಿಗೂ ಈ ನಂಟು ಗೊತ್ತಿತ್ತು. ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ 1891ರಲ್ಲಿ ಹುಟ್ಟಿದ ಮಾಸ್ತಿಯವರು 1928ರಲ್ಲಿ ‘ಸುಬ್ಬಣ್ಣ’ ಬರೆದರು. ಸಂಗೀತಗಾರನೊಬ್ಬ ಬಾಳಿನ ಪೆಟ್ಟುಗಳನ್ನು ಉಂಡು ಉಂಡು ಮಾಗುವ ಕಥೆ ಅದು. ವಿದ್ಯೆಯ ಹೆಮ್ಮೆಯಿಂದ ಹೊರಟ ಹಾಡು ದುಃಖವನ್ನು ಹಾಯ್ದು ಶಾಂತಿಗೆ ಮುಟ್ಟುತ್ತದೆ. ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ. ಬೇಲೂರಿನ ಶಿಲಾಬಾಲಿಕೆಯರನ್ನು ಕುರಿತು ‘ಅಂತಃಪುರಗೀತೆ’ಗಳನ್ನು ಹಾಡಲೆಂದೇ ರಚಿಸಿದರು. ‘ಜ್ಞಾಪಕ ಚಿತ್ರಶಾಲೆ’ಯಲ್ಲಿ ತಾವು ಕಂಡ ಕಲೋಪಾಸಕರಿಗೆ ಒಂದು ಸಂಪುಟವನ್ನೇ ಮೀಸಲಿಟ್ಟರು. ಹಿರಿಯರನ್ನು ನೆನೆಯುವುದು ಹೇಗೆಂದು ಆ ಪುಸ್ತಕ ಕನ್ನಡಿಗರಿಗೆ ಕಲಿಸಿತು. ಹೊಗಳಿಕೆಗಿಂತ ಹೆಚ್ಚಾಗಿ ಅವರ ನಡೆ ನುಡಿಯ ವಿವರಗಳನ್ನು ಅಕ್ಕರೆಯಿಂದ ಮುಂದಿಡುವುದೇ ಅಲ್ಲಿನ ರೀತಿ.

ಅಜ್ಜಿ ಹೋದ ಮೇಲೆ ಈ ಗಾದೆ ಇದ್ದವರ ಕಡೆಗೆ ತಿರುಗಿತು. ಪ್ರೀತಿಪಾತ್ರರನ್ನು ಕಳೆದುಕೊಂಡವರ ಮುಂದೆಯೂ ಅದೇ ಎರಡು ದಾರಿ. ‘ಅವರ ಕಾಲಕ್ಕೇ ಎಲ್ಲ ಮುಗೀತು’ ಎಂದು ನಿಟ್ಟುಸಿರು ಬಿಡುತ್ತಾ ಕುಳಿತರೆ ನೆನಪೇ ಬೇನೆಯಾಗುತ್ತದೆ. ಮನೆಮನೆಯ ಟ್ರಂಕುಗಳಲ್ಲಿ ಹೀಗೆಯೇ ಎಷ್ಟು ಹಾಡಿನ ಪುಸ್ತಕಗಳು ಗೆದ್ದಲಿಗೆ ಆಹಾರವಾಗಿವೆ! ಅಕ್ಷರ ಉಳಿದರೂ ಧಾಟಿ ಉಳಿಯುವುದಿಲ್ಲ, ಏಕೆಂದರೆ ಅದು ಇರುವುದು ಬಾಯಲ್ಲಿ. ಅದಕ್ಕೇ ಅಜ್ಜಿ ಇನ್ನೂ ಇರುವವರಿಗೆ ಒಂದು ಮಾತು. ಇವತ್ತೇ ಅವರ ಪಕ್ಕ ಕುಳಿತು ‘ಒಂದು ಹಾಡು ಹೇಳಿ ಅಜ್ಜಿ’ ಎನ್ನಿ. ಫೋನಿನಲ್ಲಿ ಹಿಡಿದಿಡಿ. ಯಾರ ಧಾಟಿ, ಯಾವ ಊರಿನದು, ಯಾವ ಹಬ್ಬಕ್ಕೆ ಹೇಳುತ್ತಿದ್ದದ್ದು ಎಂದು ಕೇಳಿ ಬರೆದುಕೊಳ್ಳಿ. ಹಿಡಿದಿಟ್ಟು ಸುಮ್ಮನಾಗಬೇಡಿ, ಕಲಿತು ಹಾಡಿ.

ಅಜ್ಜಿ ಇಲ್ಲದವರಿಗೂ ದಾರಿ ಮುಚ್ಚಿಲ್ಲ. ನಮ್ಮ ಮನೆಯಲ್ಲಿ ಅಜ್ಜಿಯ ತಿಥಿಯ ದಿನ ಶ್ರಾದ್ಧದ ವಿಧಿ ನಡೆದ ಮೇಲೆ ಸಂಜೆ ಎಲ್ಲರೂ ಕೂತು ಅವರ ಹಾಡುಗಳನ್ನು ಹೇಳುವ ರೂಢಿ ಮಾಡಿಕೊಂಡಿದ್ದೇವೆ. ಹೆಣ್ಣುಮಕ್ಕಳು, ಗಂಡುಮಕ್ಕಳು, ಸೊಸೆಯಂದಿರು, ಗಂಡನನ್ನು ಕಳೆದುಕೊಂಡ ನಮ್ಮ ಚಿಕ್ಕಮ್ಮ, ಎಲ್ಲರೂ. ಚಿಕ್ಕಮ್ಮನಿಂದಲೇ ಆರತಿ ಹಾಡು ಹೇಳಿಸುತ್ತೇವೆ. ಅಜ್ಜಿಯಿಂದ ಕಿತ್ತುಕೊಂಡದ್ದನ್ನು ಹಿಂದಕ್ಕೆ ಕೊಡಲು ನಮಗೆ ತಿಳಿದ ದಾರಿ ಅದೊಂದೇ. ಕೆಲವರಿಗೆ ಶ್ರುತಿ ಸೇರುವುದಿಲ್ಲ, ಕೆಲವರಿಗೆ ಸಾಲು ಮರೆಯುತ್ತದೆ. ‘ಇನ್ನೊಂದ್ಸಲ ಹೇಳು, ನಾನೂ ಹೇಳ್ತೀನಿ’ ಎಂದು ಪಕ್ಕದವರು ಜೊತೆಯಾಗುತ್ತಾರೆ. ಗಾದೆ ನಮ್ಮಿಂದ ಕೇಳುವುದು ಅಷ್ಟನ್ನೇ. ಇಂದು ಹಾಡಿ, ನಾಳೆಯೂ ಹಾಡಿ. ರಾಗ ಬರುವುದು ಅದರ ಹಿಂದೆಯೇ.